ತಡವಾಗಿ ಬಂದ ದೊರೆ: ಏಳನೆಯ ಜಯವರ್ಮ



ಈ ಸಲದ ಗೋಡೆ ಪತ್ರಿಕೆಗೆ ನಿಮಗೆ ಇಷ್ಟವಾದ ಒಬ್ಬ ರಾಜನ ಜೀವನ ಬರೆಯಿರಿ ಅಂತ ಸಮಾಜದ ಮೇಷ್ಟ್ರು ಹೇಳಿದಾಗ ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ಕೃಷ್ಣದೇವರಾಯನ ಹೆಸರು ಹೇಳಿದರು. ಉಳಿದವರು ಅಶೋಕ, ಇಮ್ಮಡಿ ಪುಲಿಕೇಶಿ ಅಂದರು. ನಾನು ಸುಮ್ಮನೆ ಕೂತಿದ್ದೆ. ಆಮೇಲೆ ಗ್ರಂಥಾಲಯದ ಬೀರುವಿನಲ್ಲಿ ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕ ಸಿಕ್ಕಿತು. ಅದರೊಳಗೆ ಒಂದು ಕಲ್ಲಿನ ವಿಗ್ರಹದ ಚಿತ್ರ. ಚಕ್ಕಳಮಕ್ಕಳ ಹಾಕಿ ಕೂತಿರುವ ಒಬ್ಬ ಮನುಷ್ಯ. ತಲೆಗೆ ಕಿರೀಟ ಇಲ್ಲ, ಕೊರಳಿಗೆ ಹಾರ ಇಲ್ಲ, ಕೈಯಲ್ಲಿ ಕತ್ತಿ ಇಲ್ಲ. ಕತ್ತಿ ಹಿಡಿಯಲು ತೋಳುಗಳೇ ಇಲ್ಲ, ಮುರಿದುಹೋಗಿವೆ. ಸ್ವಲ್ಪ ದಪ್ಪ ಮೈ, ಬಾಗಿದ ತಲೆ, ಮುಚ್ಚಿದ ಕಣ್ಣು, ತುಟಿಯಲ್ಲಿ ಚೂರೇ ಚೂರು ನಗು. ನಮ್ಮೂರ ಪಂಚಾಯ್ತಿ ಕಟ್ಟೆಯ ಮೇಲೆ ಊಟವಾದ ಮೇಲೆ ಕೂರುವ ಯಾರೋ ಹಿರಿಯರ ಹಾಗಿದ್ದಾನೆ. ಕೆಳಗೆ ಓದಿದರೆ, ಇವನು ಖ್ಮೇರ್ ಸಾಮ್ರಾಜ್ಯದ ಮಹಾರಾಜ ಏಳನೆಯ ಜಯವರ್ಮ ಅಂತ ಬರೆದಿತ್ತು! ನನಗೆ ನಂಬಿಕೆಯೇ ಬರಲಿಲ್ಲ. ಅವತ್ತೇ ಇವನ ಬಗ್ಗೆ ಬರೆಯಬೇಕು ಅಂತ ತೀರ್ಮಾನ ಮಾಡಿದೆ.

ಖ್ಮೇರ್ ಅಂದರೆ ಯಾರು ಅಂತ ಕೇಳಬೇಡಿ, ಹೇಳುತ್ತೇನೆ. ಭೂಪಟದಲ್ಲಿ ಬಂಗಾಳ ಕೊಲ್ಲಿ ದಾಟಿ, ಬರ್ಮಾ, ಥಾಯ್ಲೆಂಡ್ ದಾಟಿದರೆ ಕಾಂಬೋಡಿಯ ಸಿಗುತ್ತದೆ. ಆ ದೇಶದ ಜನವೇ ಖ್ಮೇರರು. ಹಿಂದೆ ಅವರ ರಾಜ್ಯ ಈಗಿನ ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ದೇಶಗಳ ಒಳಗೂ ಹರಡಿತ್ತು. ರಾಜಧಾನಿಯ ಹೆಸರು ಅಂಕೋರ್. ಈ ಅಂಕೋರ್ ಅನ್ನೋದು ಬೇರೆ ಏನೂ ಅಲ್ಲ, ನಮ್ಮ ನಗರ ಅನ್ನುವ ಸಂಸ್ಕೃತ ಶಬ್ದವೇ ಅವರ ಬಾಯಲ್ಲಿ ಹಾಗಾಗಿದೆ. ಅಲ್ಲಿಯ ರಾಜರು ಶಾಸನಗಳನ್ನು ಸಂಸ್ಕೃತದಲ್ಲೂ ಖ್ಮೇರ್ ಭಾಷೆಯಲ್ಲೂ ಕೆತ್ತಿಸಿದರು. ಅವರ ಲಿಪಿ ದಕ್ಷಿಣ ಭಾರತದ ಪಲ್ಲವರ ಲಿಪಿಯಿಂದ ಬಂದದ್ದು. ಶಿವ, ವಿಷ್ಣು, ಬುದ್ಧ ಮೂವರಿಗೂ ಅಲ್ಲಿ ಗುಡಿಗಳಿವೆ. ಎಲ್ಲರಿಗೂ ಗೊತ್ತಿರುವ ಅಂಕೋರ್ ವಾಟ್ ವಿಷ್ಣುವಿನ ಗುಡಿ. ಅದನ್ನು ಕಟ್ಟಿಸಿದ್ದು ಎರಡನೆಯ ಸೂರ್ಯವರ್ಮ. ನಮ್ಮ ಕಥಾನಾಯಕ ಅವನ ನಂತರದವನು.

ಜಯವರ್ಮ ಹುಟ್ಟಿದ್ದು ಸುಮಾರು 1125ರಲ್ಲಿ. ತಂದೆ ಧರಣೀಂದ್ರವರ್ಮ, ತಾಯಿ ಜಯರಾಜಚೂಡಾಮಣಿ. ಇಬ್ಬರೂ ರಾಜವಂಶದವರು. ಆ ಮನೆತನದ ಹೆಚ್ಚಿನವರು ಶಿವನನ್ನೋ ವಿಷ್ಣುವನ್ನೋ ಪೂಜಿಸುತ್ತಿದ್ದರೆ ಇವನ ತಂದೆ ಬುದ್ಧನನ್ನು ನಂಬಿದವನು. ಮಗನೂ ಹಾಗೆಯೇ ಬೆಳೆದ. ಹೆಂಡತಿಯ ಹೆಸರು ಜಯರಾಜದೇವಿ. ಅವಳ ಅಕ್ಕ ಇಂದ್ರದೇವಿ. ಈ ಅಕ್ಕನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾಳೆ.

ಇವನು ರಾಜಕುಮಾರನಾಗಿದ್ದಾಗ ಸೈನ್ಯದ ಜೊತೆ ಚಂಪಾ ದೇಶಕ್ಕೆ ಹೋಗಿದ್ದ. ಚಂಪಾ ಅಂದರೆ ಈಗಿನ ವಿಯೆಟ್ನಾಂ ದೇಶದ ಕರಾವಳಿ. ಅಲ್ಲಿಯ ಜನರಿಗೆ ಚಾಮರು ಅಂತ ಹೆಸರು. ಖ್ಮೇರರಿಗೂ ಚಾಮರಿಗೂ ತಲತಲಾಂತರದ ಜಗಳ. ಇವನು ಅಲ್ಲಿರುವಾಗಲೇ, ಸುಮಾರು 1165ರಲ್ಲಿ, ಇತ್ತ ಅಂಕೋರಿನಲ್ಲಿ ಅರಮನೆಯ ಒಬ್ಬ ಅಧಿಕಾರಿ ರಾಜ ಯಶೋವರ್ಮನ ಮೇಲೆ ತಿರುಗಿಬಿದ್ದ. ಸುದ್ದಿ ತಿಳಿದು ಜಯವರ್ಮ ರಾಜನನ್ನು ಉಳಿಸಬೇಕು ಅಂತ ಓಡೋಡಿ ಬಂದ. ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ರಾಜ ಸತ್ತಿದ್ದ, ಆ ಅಧಿಕಾರಿ ತ್ರಿಭುವನಾದಿತ್ಯವರ್ಮ ಅಂತ ಹೆಸರಿಟ್ಟುಕೊಂಡು ಸಿಂಹಾಸನದ ಮೇಲೆ ಕೂತಿದ್ದ. ಕತ್ತಿ ಹಿರಿದು ನುಗ್ಗುವುದು ಬಿಟ್ಟು ಜಯವರ್ಮ ಹಿಂದೆ ಸರಿದ, ಕಾದ. ಒಂದು ವರ್ಷ ಎರಡು ವರ್ಷ ಅಲ್ಲ, ಹದಿನೈದು ವರ್ಷ! ಅಷ್ಟರಲ್ಲಿ ತಲೆಕೂದಲು ನೆರೆತಿರಬೇಕು.

ಗಂಡ ದೂರ ದೇಶದಲ್ಲಿದ್ದಾಗ ಜಯರಾಜದೇವಿ ಏನು ಮಾಡಿದಳು ಅನ್ನುವುದು ಅರಮನೆಯ ಬಳಿ ಸಿಕ್ಕಿದ ಶಾಸನದಲ್ಲಿದೆ. ಅವಳು ಅತ್ತಳು, ವ್ರತ ಹಿಡಿದಳು, ದೇಹ ಸೊರಗಿಸಿಕೊಂಡಳು. ಆಗ ಅಕ್ಕ ಇಂದ್ರದೇವಿ ಅವಳಿಗೆ ಬುದ್ಧನ ದಾರಿ ಹೇಳಿಕೊಟ್ಟಳು. ಗಂಡ ಬಂದ ಮೇಲೆ ಅವಳು ತನ್ನ ಸಂಪತ್ತನ್ನು ದಾನ ಮಾಡಿದಳು, ತಾಯಂದಿರು ಬಿಟ್ಟುಹೋದ ಹೆಣ್ಣುಮಕ್ಕಳನ್ನು ತನ್ನ ಮಕ್ಕಳೆಂದು ಸಾಕಿದಳು. ಅವಳು ತೀರಿಕೊಂಡ ಮೇಲೆ ಜಯವರ್ಮ ಇಂದ್ರದೇವಿಯನ್ನು ಮದುವೆಯಾದ. ಇಂದ್ರದೇವಿ ದೊಡ್ಡ ವಿದ್ವಾಂಸೆ. ವಿಹಾರಗಳಲ್ಲಿ ಹೆಂಗಸರಿಗೆ ಪಾಠ ಹೇಳುವ ಮುಖ್ಯ ಅಧ್ಯಾಪಕಿ. ತಂಗಿಯ ಕಥೆ ಹೇಳುವ ಆ ಶಾಸನವನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದವಳೂ ಅವಳೇ. ಎಂಟುನೂರು ವರ್ಷದ ಹಿಂದೆ ಒಬ್ಬ ಮಹಿಳೆ ಹೀಗೆ ಬರೆದಿದ್ದಾಳೆ ಅಂತ ಹೇಳಿದಾಗ ನಮ್ಮ ಕನ್ನಡ ಟೀಚರ್ ಇದನ್ನು ದಪ್ಪ ಅಕ್ಷರದಲ್ಲಿ ಬರೆ ಅಂದರು. ಜಾಗ ಇಲ್ಲ ಟೀಚರ್, ಅದಕ್ಕೇ ಅಡಿಗೆರೆ ಹಾಕಿದ್ದೇನೆ.

ಈಗ ಯುದ್ಧದ ಸಂಗತಿ. 1177ರಲ್ಲಿ ಚಾಮರ ರಾಜ ಜಯ ಇಂದ್ರವರ್ಮ ಅಂಕೋರಿನ ಮೇಲೆ ದಂಡೆತ್ತಿ ಬಂದ. ಬಂದದ್ದು ಕಾಡಿನ ದಾರಿಯಲ್ಲಲ್ಲ, ನೀರಿನ ಮೇಲೆ, ದೋಣಿಗಳಲ್ಲಿ. ಕಾಂಬೋಡಿಯದ ನಡುವೆ ತೋನ್ಲೆ ಸಾಪ್ ಅನ್ನುವ ಒಂದು ಮಹಾ ಸರೋವರ ಇದೆ. ಅದರಿಂದ ಹೊರಡುವ ನದಿ ಮೆಕಾಂಗ್ ನದಿಗೆ ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಎಷ್ಟು ತುಂಬಿ ಬರುತ್ತದೆ ಅಂದರೆ, ಈ ನದಿ ಹಿಮ್ಮುಖವಾಗಿ ಹರಿದು ಸರೋವರಕ್ಕೇ ನೀರು ವಾಪಸ್ ಬರುತ್ತದೆ. ಸರೋವರ ನಾಲ್ಕೈದು ಪಟ್ಟು ಹಿಗ್ಗುತ್ತದೆ. ಇದು ಕಟ್ಟುಕತೆ ಅಲ್ಲ, ಈಗಲೂ ಪ್ರತಿವರ್ಷ ಆಗುತ್ತದೆ. ಆ ನೀರಿನ ದಾರಿ ಹಿಡಿದರೆ ಸಮುದ್ರದಿಂದ ಅಂಕೋರಿನ ಹತ್ತಿರದವರೆಗೂ ದೋಣಿಯಲ್ಲೇ ಬರಬಹುದು. ಚಾಮರು ಹಾಗೆ ಬಂದು ನಗರವನ್ನು ಕೊಳ್ಳೆ ಹೊಡೆದರು. ತ್ರಿಭುವನಾದಿತ್ಯವರ್ಮನೂ ಸತ್ತ.

ಕಾದು ಕೂತಿದ್ದ ಜಯವರ್ಮನಿಗೆ ಈಗ ಎದ್ದು ನಿಲ್ಲುವ ಹೊತ್ತು ಬಂತು. ಸೈನ್ಯ ಕೂಡಿಸಿದ, ನಾಲ್ಕು ವರ್ಷ ಹೋರಾಡಿದ, ಚಾಮರನ್ನು ಓಡಿಸಿದ. ನೀರಿನ ಮೇಲೆ ನಡೆದ ಆ ಕಾಳಗ ಬಾಯೋನ್ ಗುಡಿಯ ಗೋಡೆಯ ಮೇಲೆ ಕೆತ್ತಿದೆ. ಹೂವಿನ ಮೊಗ್ಗಿನಂಥ ಟೋಪಿ ಹಾಕಿದವರು ಚಾಮರು, ಬರಿತಲೆಯಲ್ಲಿ ಗಿಡ್ಡ ಕೂದಲಿನವರು ಖ್ಮೇರರು. ದೋಣಿಯಿಂದ ಬಿದ್ದವರನ್ನು ಮೊಸಳೆ ಹಿಡಿಯುತ್ತಿದೆ. ಅದೇ ಗೋಡೆಯ ಕೆಳಸಾಲಿನಲ್ಲಿ ಯುದ್ಧಕ್ಕೂ ತಮಗೂ ಸಂಬಂಧವೇ ಇಲ್ಲ ಅನ್ನೋ ಹಾಗೆ ಊರ ಜನ ಇದ್ದಾರೆ. ಕೋಳಿ ಅಂಕ ನಡೀತಿದೆ. ಹೆಂಗಸರು ಸಂತೆಯಲ್ಲಿ ಮೀನು ಮಾರುತ್ತಿದ್ದಾರೆ. ಯಾರೋ ಅಡಿಗೆ ಮಾಡುತ್ತಿದ್ದಾರೆ, ಯಾರೋ ಚದುರಂಗದಂಥ ಆಟ ಆಡುತ್ತಿದ್ದಾರೆ. ಒಬ್ಬಳು ಹೆರಿಗೆ ನೋವಿನಲ್ಲಿದ್ದಾಳೆ. ರಾಜನ ಗುಡಿಯಲ್ಲಿ ಸಂತೆ ಕೆತ್ತಿಸಿದ್ದು ನನಗಂತೂ ಬಹಳ ಇಷ್ಟವಾಯಿತು.

1181ರಲ್ಲಿ ಜಯವರ್ಮನಿಗೆ ಪಟ್ಟಾಭಿಷೇಕವಾಯಿತು. ಆಗ ವಯಸ್ಸು ಐವತ್ತೈದು ದಾಟಿತ್ತು. ನಮ್ಮಲ್ಲಿ ಮೇಷ್ಟ್ರುಗಳು ನಿವೃತ್ತಿಗೆ ದಿನ ಎಣಿಸುವ ವಯಸ್ಸು (ಕ್ಷಮಿಸಿ ಸಾರ್). ಕಾಲ ತಿಳಿಯೋಕೆ ಒಂದು ಗುರುತು ಹೇಳುತ್ತೇನೆ. ನಮ್ಮ ನಾಡಿನಲ್ಲಿ ಆಗ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಆಳುತ್ತಿದ್ದ, 1173ರಿಂದ 1220ರವರೆಗೆ. ಹೆಚ್ಚುಕಡಿಮೆ ಇಬ್ಬರೂ ಒಂದೇ ಕಾಲದವರು.

ತಡವಾಗಿ ಸಿಂಹಾಸನ ಸಿಕ್ಕಿದವನಿಗೆ ಆತುರ ಇರುತ್ತದಲ್ಲ, ಇವನಿಗೂ ಹಾಗೇ ಆಯಿತು ಅಂತ ನನಗನ್ನಿಸುತ್ತದೆ. ಅವನು ಕಟ್ಟಿಸಿದಷ್ಟು ಕಟ್ಟಡಗಳನ್ನು ಅದಕ್ಕೆ ಮೊದಲು ಯಾವ ಖ್ಮೇರ್ ರಾಜನೂ ಕಟ್ಟಿಸಿರಲಿಲ್ಲ. 1186ರಲ್ಲಿ ತಾಯಿಯ ನೆನಪಿಗೆ ರಾಜವಿಹಾರ ಅನ್ನುವ ಗುಡಿ ಪ್ರತಿಷ್ಠೆ ಮಾಡಿದ. ಅಲ್ಲಿ ತಾಯಿಯ ರೂಪದಲ್ಲೇ ಪ್ರಜ್ಞಾಪಾರಮಿತೆ ದೇವಿಯ ವಿಗ್ರಹ ಇಡಿಸಿದ. ಅದನ್ನೇ ಈಗ ತಾ ಪ್ರೋಮ್ ಅನ್ನುತ್ತಾರೆ. ದೊಡ್ಡ ದೊಡ್ಡ ಮರದ ಬೇರುಗಳು ಹೆಬ್ಬಾವಿನಂತೆ ಗೋಡೆಯನ್ನು ಸುತ್ತಿಕೊಂಡಿರುವ ಚಿತ್ರವನ್ನು ನೀವು ನೋಡಿರಬಹುದು, ಅದೇ ಗುಡಿ. ಅದನ್ನು ಉಳಿಸುವ ಕೆಲಸದಲ್ಲಿ ನಮ್ಮ ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಕೈಜೋಡಿಸಿದ್ದಾರೆ. ಐದು ವರ್ಷದ ನಂತರ, 1191ರಲ್ಲಿ, ತಂದೆಯ ನೆನಪಿಗೆ ಇನ್ನೊಂದು ಗುಡಿ. ಅದಕ್ಕೆ ಪ್ರೇಹ್ ಖಾನ್ ಅಂತ ಹೆಸರು. ಅದನ್ನು ಕಟ್ಟಿಸಿದ್ದು ಚಾಮರನ್ನು ಸೋಲಿಸಿದ ರಣಭೂಮಿಯ ಮೇಲೆ. ಅದರ ಪಕ್ಕದಲ್ಲಿ ಮೂರೂವರೆ ಕಿಲೋಮೀಟರ್ ಉದ್ದ, ಒಂಬೈನೂರು ಮೀಟರ್ ಅಗಲದ ಕೆರೆ. ಹೆಸರು ಜಯತಟಾಕ. ತಟಾಕ ಅಂದರೆ ಕೆರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ರಾಜಧಾನಿ ಅಂಕೋರ್ ತೋಮ್, ಅಂದರೆ ದೊಡ್ಡ ನಗರ. ಒಂದೊಂದು ಪಕ್ಕ ಮೂರು ಕಿಲೋಮೀಟರ್ ಉದ್ದದ ಚೌಕಾಕಾರದ ಕೋಟೆ. ಗೋಡೆಯ ಎತ್ತರ 8 ಮೀಟರ್. ಹೊರಗೆ ನೂರು ಮೀಟರ್ ಅಗಲದ ಕಂದಕ. ಐದು ಬಾಗಿಲು. ಪ್ರತಿ ಬಾಗಿಲ ಮುಂದಿನ ಸೇತುವೆಯ ಒಂದು ಪಕ್ಕ 54 ದೇವತೆಗಳು, ಇನ್ನೊಂದು ಪಕ್ಕ 54 ಅಸುರರು ಹಾವನ್ನು ಹಿಡಿದು ಎಳೆಯುತ್ತಿದ್ದಾರೆ. ನಾವು ಕಥೆಯಲ್ಲಿ ಕೇಳಿದ ಸಮುದ್ರಮಥನವೇ. ನಗರದ ನಟ್ಟನಡುವೆ ಬಾಯೋನ್ ಗುಡಿ. ಅದರ ಗೋಪುರಗಳ ನಾಲ್ಕೂ ದಿಕ್ಕಿಗೆ ಆಳೆತ್ತರ ಮೀರಿದ ಕಲ್ಲಿನ ಮುಖಗಳು, ಒಟ್ಟು ಇನ್ನೂರರಷ್ಟು. ಎಲ್ಲದರಲ್ಲೂ ಅದೇ ನಗು, ಚಿತ್ರದಲ್ಲಿ ನಾನು ನೋಡಿದ ಆ ಚೂರೇ ಚೂರು ನಗು. ಅದು ಕರುಣೆಯ ಬೋಧಿಸತ್ವ ಲೋಕೇಶ್ವರನ ಮುಖ ಅಂತ ಕೆಲವು ವಿದ್ವಾಂಸರು, ರಾಜನದೇ ಮುಖ ಅಂತ ಕೆಲವರು, ಎರಡೂ ಒಂದೇ ಅಂತ ಇನ್ನು ಕೆಲವರು.

ಇಲ್ಲಿಯವರೆಗೆ ಬರೆದು ಮನೆಯಲ್ಲಿ ಓದಿ ಹೇಳಿದೆ. ನಮ್ಮ ಅಪ್ಪ ಕಲ್ಲು ಕೆಲಸದವರು, ಅದು ನಿಮಗೆಲ್ಲಾ ಗೊತ್ತು. ಅವರಿಗೆ ಕೇಳಬೇಕಾದ್ದು ಬೇರೆಯೇ ಇತ್ತು. ಕಲ್ಲು ಎಲ್ಲಿಂದ ತಂದರು, ಗಾರೆ ಯಾವುದು, ಕಮಾನು ಹೇಗೆ ಕಟ್ಟಿದರು ಅಂತ. ಹುಡುಕಿ ಹೇಳಿದೆ. ಮರಳುಗಲ್ಲು ಬಂದದ್ದು ಕುಲೆನ್ ಬೆಟ್ಟದ ಬುಡದಿಂದ, ನೂರಾರು ಕಾಲುವೆಗಳಲ್ಲಿ ಅಲ್ಲ, ಕೆಲವೇ ಕಾಲುವೆ ತೋಡಿ ನೀರಿನ ಮೇಲೆ ಸಾಗಿಸಿದರು. ಒಳಗೆ ಜಂಬಿಟ್ಟಿಗೆ ಕಲ್ಲು, ಹೊರಗೆ ಮರಳುಗಲ್ಲು. ಗಾರೆ ಇಲ್ಲ, ಕಲ್ಲಿಗೆ ಕಲ್ಲು ಉಜ್ಜಿ ಉಜ್ಜಿ ಕೂರಿಸುತ್ತಿದ್ದರು. ಕಲ್ಲು ಎತ್ತುವ, ಉಜ್ಜುವ ಕೂಲಿಗಳ ಚಿತ್ರವೂ ಬಾಯೋನ್ ಗೋಡೆಯಲ್ಲಿದೆ. ನಿಜವಾದ ಕಮಾನು ಅವರಿಗೆ ಗೊತ್ತಿರಲಿಲ್ಲ, ಎರಡು ಕಡೆಯಿಂದ ಒಂದೊಂದೇ ಕಲ್ಲನ್ನು ಸ್ವಲ್ಪ ಸ್ವಲ್ಪ ಮುಂದೆ ಚಾಚಿ ಮೇಲೆ ಕೂಡಿಸುತ್ತಿದ್ದರು. ಹಾಗಾದರೆ ಒಳಗೆ ಜಾಗ ಕಿರಿದಾಗುತ್ತೆ, ಸ್ವಲ್ಪ ನೆಲ ಕುಸಿದರೂ ಬೀಳುತ್ತೆ ಅಂದರು ಅಪ್ಪ. ಪುಸ್ತಕದಲ್ಲೂ ಅದನ್ನೇ ಬರೆದಿದ್ದಾರೆ! ಈ ರಾಜನ ಕಾಲದ ಕಟ್ಟಡಗಳಲ್ಲಿ ಅವಸರ ಕಾಣುತ್ತದೆ, ಅಂಕೋರ್ ವಾಟ್‌ನ ನಾಜೂಕು ಇಲ್ಲ, ಬಾಯೋನ್ ಅನ್ನು ಕಟ್ಟುತ್ತಾ ಕಟ್ಟುತ್ತಲೇ ಎಷ್ಟೋ ಸಲ ನಕ್ಷೆ ಬದಲಾಯಿಸಿದ್ದಾರೆ ಅಂತ.

ಆಮೇಲೆ ಅಪ್ಪ ಕೇಳಿದ್ದು, ಇಷ್ಟೊಂದು ಕಲ್ಲು ಹೊತ್ತವರಿಗೆ ಊಟ ಹಾಕಿದ್ದು ಯಾರು ಅಂತ. ಇದಕ್ಕೆ ಉತ್ತರ ಶಾಸನದಲ್ಲೇ ಇದೆ, ಲೆಕ್ಕ ಸಮೇತ. ತಾ ಪ್ರೋಮ್ ಗುಡಿ ಒಂದಕ್ಕೇ 3,140 ಹಳ್ಳಿಗಳನ್ನು ಬಿಟ್ಟುಕೊಟ್ಟಿದ್ದರು. ಆ ಗುಡಿಯ ಸೇವೆಗೆ ಒಟ್ಟು 79,365 ಜನ. ಅದರಲ್ಲಿ ಹಿರಿಯ ಅರ್ಚಕರು 18, ಅಧಿಕಾರಿಗಳು 2,740, ಸಹಾಯಕರು 2,202, ನರ್ತಕಿಯರು 615. ಗುಡಿಯ ಭಂಡಾರದಲ್ಲಿ 40,620 ಮುತ್ತುಗಳು. ಪ್ರೇಹ್ ಖಾನ್ ಗುಡಿಗೆ ಇನ್ನೂ ಹೆಚ್ಚು, 5,324 ಹಳ್ಳಿ, 97,840 ಜನ. ಹಳ್ಳಿಯವರು ಗದ್ದೆಯಲ್ಲಿ ಬೆಳೆದ ಅಕ್ಕಿ, ಎಳ್ಳು, ತುಪ್ಪ, ಜೇನು, ಬಟ್ಟೆ ಎಲ್ಲಾ ಗುಡಿಗೆ ಹೋಗಬೇಕು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಅಮ್ಮನ ನೆನಪಿಗೆ ಗುಡಿ ಕಟ್ಟಿಸಿದ್ದು ಒಳ್ಳೇದೇ, ಆದರೆ ಮೂರು ಸಾವಿರ ಊರಿನ ಅಮ್ಮಂದಿರು ಅದಕ್ಕೆ ಭತ್ತ ಕುಟ್ಟಬೇಕಾಯ್ತಲ್ಲ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಕೋಪವೂ ಬಂತು, ನಾನು ಆರಿಸಿದ ರಾಜನನ್ನು ಹೀಗಂದರಲ್ಲ ಅಂತ.

ರಾಜನ ಪರ ನಿಂತದ್ದು ನಮ್ಮ ಅಜ್ಜಿ. ಕಳೆದ ಮಳೆಗಾಲದಲ್ಲಿ ಅಜ್ಜಿಗೆ ಜ್ವರ ಏರಿ ರಾತ್ರಿ ಹೊತ್ತು ಟ್ರ್ಯಾಕ್ಟರ್‌ನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗಿದ್ದೆವು. ಹಳ್ಳ ತುಂಬಿತ್ತು, ಈ ದಡದಲ್ಲೇ ಬೆಳಗಿನವರೆಗೆ ಕೂತಿದ್ದೆವು. ಅದಕ್ಕೇ ಇರಬೇಕು, ಮುಂದಿನ ಭಾಗ ಓದಿದಾಗ ಅಜ್ಜಿ ಎದ್ದು ಕೂತಳು.

ಜಯವರ್ಮ ತನ್ನ ರಾಜ್ಯದಲ್ಲಿ 102 ಆಸ್ಪತ್ರೆಗಳನ್ನು ನಡೆಸಿದ. ಈ ಸಂಖ್ಯೆ ತಾ ಪ್ರೋಮ್ ಶಾಸನದಲ್ಲಿದೆ. ಶಾಸನದಲ್ಲಿ ಆಸ್ಪತ್ರೆಗೆ ಇರುವ ಹೆಸರು ಆರೋಗ್ಯಶಾಲೆ, ನಮಗೂ ಅರ್ಥವಾಗುವ ಶಬ್ದ. ಒಂದೇ ಆಜ್ಞೆಯನ್ನು ಬೇರೆ ಬೇರೆ ಊರುಗಳ ಆರೋಗ್ಯಶಾಲೆಗಳಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ್ದ. ಅಂಥ ಒಂದು ಕಲ್ಲು ದೂರದ ಲಾವೋಸ್ ದೇಶದ ಸೇ ಫೋಂಗ್ ಅನ್ನುವಲ್ಲೂ ಸಿಕ್ಕಿದೆ. ಪ್ರಜೆಗಳ ಮೈಯ ರೋಗ ರಾಜನ ಮನಸ್ಸಿನ ರೋಗವಾಗುತ್ತದೆ, ಅದು ಅವನಿಗೆ ತನ್ನ ನೋವಿಗಿಂತ ಹೆಚ್ಚು ನೋಯುತ್ತದೆ ಅನ್ನುವ ಅರ್ಥ ಅದರಲ್ಲಿ ಬರುತ್ತದೆ. ನಾಲ್ಕು ವರ್ಣದವರೂ ಅಲ್ಲಿ ಚಿಕಿತ್ಸೆ ಪಡೆಯಬಹುದು ಅಂತಲೂ ಇದೆ. ಅಲ್ಲಿ ಪೂಜಿಸುತ್ತಿದ್ದುದು ಭೈಷಜ್ಯಗುರುವನ್ನು, ಅಂದರೆ ಔಷಧದ ಬುದ್ಧನನ್ನು.

ಬರೀ ಮಾತಲ್ಲ, ಯಾರ್‍ಯಾರು ಇರಬೇಕು ಅಂತ ಪಟ್ಟಿ ಇದೆ. ಇಬ್ಬರು ವೈದ್ಯರು. ಔಷಧ ಹಂಚಲು ಇಬ್ಬರು. ಅಡಿಗೆಗೆ ಇಬ್ಬರು, ಸೌದೆ ನೀರು ಅವರ ಜವಾಬ್ದಾರಿ. ರೋಗಿಗಳನ್ನು ನೋಡಿಕೊಳ್ಳಲು ಹದಿನಾಲ್ಕು ಜನ. ನೀರು ಕಾಯಿಸಲು ಮತ್ತು ಔಷಧ ಅರೆಯಲು ಆರು ಜನ ಹೆಂಗಸರು. ಭತ್ತ ಕುಟ್ಟಲು ಇಬ್ಬರು. ರಾಜನ ಉಗ್ರಾಣದಿಂದ ವರ್ಷಕ್ಕೆ ಮೂರು ಸಲ ಸಾಮಾನು ಬರಬೇಕು. ಜೇನುತುಪ್ಪ, ಸಕ್ಕರೆ, ತುಪ್ಪ, ಎಳ್ಳು, ಜೀರಿಗೆ, ಮೆಣಸು, ಸಾಸಿವೆ, ಕೊತ್ತಂಬರಿ, ಶುಂಠಿ, ಏಲಕ್ಕಿ, ಜಾಯಿಕಾಯಿ, ಕರ್ಪೂರ. ಅಜ್ಜಿ ಒಂದೊಂದಕ್ಕೂ ತಲೆ ಆಡಿಸಿದಳು. ಇದು ನಮ್ಮ ಕಷಾಯದ ಡಬ್ಬಿಯೇ ಅಲ್ವಾ ಅಂದಳು. ಬಿಸಿನೀರಿಗೆ ಅಂತಲೇ ಜನ ಇಟ್ಟಿದ್ದನಲ್ಲ, ಅವನು ಕಾಯಿಲೆಯವರ ಪಕ್ಕ ಕೂತು ನೋಡಿದವನೇ ಇರಬೇಕು ಅಂದಳು.

ಆ ಆಸ್ಪತ್ರೆಗಳ ಮನೆಗಳು ಮರದವು, ಉಳಿದಿಲ್ಲ. ಪಕ್ಕದ ಸಣ್ಣ ಕಲ್ಲಿನ ಗುಡಿಗಳು ಅಲ್ಲಲ್ಲಿ ಉಳಿದಿವೆ. 2017ರಲ್ಲಿ ಅಂಕೋರ್ ತೋಮ್ ಬಳಿ ಅಂಥ ಒಂದು ಆಸ್ಪತ್ರೆಯ ಜಾಗ ಅಗೆಯುವಾಗ ಸುಮಾರು ಎರಡು ಮೀಟರ್ ಎತ್ತರದ ದ್ವಾರಪಾಲಕನ ವಿಗ್ರಹ ಸಿಕ್ಕಿತು. ಮಣ್ಣಿನ ಅಡಿಯಲ್ಲಿ ಅವನು ಎಷ್ಟೋ ನೂರು ವರ್ಷ ಬಾಗಿಲು ಕಾಯುತ್ತಾ ಮಲಗಿದ್ದ.

ದಾರಿಗಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ರಾಜಧಾನಿಯಿಂದ ಹೊರಡುವ ಹೆದ್ದಾರಿಗಳ ಮೇಲೆ 121 ತಂಗುಮನೆಗಳು. ಶಾಸನದಲ್ಲಿ ಅವಕ್ಕೆ ವಹ್ನಿಗೃಹ ಅಂತ ಹೆಸರು, ಬೆಂಕಿ ಇರುವ ಮನೆ. ಚಂಪಾ ಕಡೆಯ ದಾರಿಯಲ್ಲಿ 57, ಈಗ ಥಾಯ್ಲೆಂಡಿನಲ್ಲಿರುವ ಫಿಮಾಯ್ ದಾರಿಯಲ್ಲಿ 17, ಇನ್ನೊಂದು ಸುತ್ತು ದಾರಿಯಲ್ಲಿ 44, ಉಳಿದವು ಬೇರೆಡೆ. ಹೆಚ್ಚುಕಡಿಮೆ ಹದಿನೈದು ಕಿಲೋಮೀಟರಿಗೆ ಒಂದು. ನಡೆದು ಬಂದವನು ಕತ್ತಲಾಗುವುದರೊಳಗೆ ಒಂದನ್ನು ಸೇರಬಹುದು. ಹಳ್ಳ ಹೊಳೆಗಳಿಗೆ ಕಲ್ಲಿನ ಸೇತುವೆ. ಕಾಂಪೊಂಗ್ ಕ್ದೇ ಅನ್ನುವ ಊರಿನ ಸೇತುವೆಗೆ ಇಪ್ಪತ್ತಕ್ಕೂ ಹೆಚ್ಚು ಕಂಡಿಗಳಿವೆ. ಎಂಬತ್ತು ಮೀಟರಿಗಿಂತ ಉದ್ದ. ನಮ್ಮ ಕಾಲದವರೆಗೂ ಅದರ ಮೇಲೆ ಲಾರಿಗಳು ಓಡಾಡಿವೆ. ಇದನ್ನು ಕೇಳಿ ಅಪ್ಪ ಕೂಡ ಭಲೇ ಅಂದರು. ಅಜ್ಜಿ ಹಳ್ಳದ ದಡದಲ್ಲಿ ಕೂತ ರಾತ್ರಿಯನ್ನು ಇನ್ನೊಂದು ಸಲ ಹೇಳಿದಳು.

ಆದರೆ ಸಮಾಜದ ಮೇಷ್ಟ್ರು ಹೇಳಿದ್ದಾರೆ, ಬರೀ ಹೊಗಳಿ ಬರೆದರೆ ಅದು ಇತಿಹಾಸ ಅಲ್ಲ, ಆರತಿ ಅಂತ. ಆಸ್ಪತ್ರೆಗಳ ಖರ್ಚಿಗೆ ಅಂತಲೂ 838 ಹಳ್ಳಿ ಮತ್ತು 81,640 ಜನರನ್ನು ಗೊತ್ತುಮಾಡಿತ್ತು. ಅಂದರೆ ಬಿಸಿನೀರಿನ ಸೌದೆಯೂ ಯಾರದೋ ಹೆಗಲಿನಿಂದಲೇ ಬಂತು. ಇನ್ನು, ಕರುಣೆಯ ದೊರೆ ಅಂತ ಯುದ್ಧ ನಿಲ್ಲಿಸಿದನಾ ಅಂದರೆ ಅದೂ ಇಲ್ಲ. ಚಂಪಾದಿಂದ ಬಂದು ಇವನ ಆಸರೆಯಲ್ಲಿ ಬೆಳೆದ ವಿದ್ಯಾನಂದನ ಅನ್ನುವ ಚಾಮ ರಾಜಕುಮಾರನಿಗೇ ಸೈನ್ಯ ಕೊಟ್ಟು 1190ರಲ್ಲಿ ಚಂಪಾದ ಮೇಲೆ ಕಳಿಸಿದ. ಅವನು ರಾಜಧಾನಿ ವಿಜಯವನ್ನು ಗೆದ್ದು ಅಲ್ಲಿಯ ರಾಜನನ್ನು ಸೆರೆ ಹಿಡಿದು ಕಳಿಸಿದ. ಎರಡು ವರ್ಷದಲ್ಲಿ ಆ ವಿದ್ಯಾನಂದನನೇ ತಿರುಗಿಬಿದ್ದು ತಾನೇ ರಾಜ ಅಂದ. ಮತ್ತೆ ಯುದ್ಧ. 1203ರಲ್ಲಿ ಅವನನ್ನು ಸೋಲಿಸಿದ ಮೇಲೆ 1220ರವರೆಗೆ ಚಂಪಾ ಖ್ಮೇರರ ಕೈಕೆಳಗೇ ಇತ್ತು. ಚಾಮರ ಊರುಗಳ ಅಜ್ಜಿಯರು ಈ ರಾಜನ ಬಗ್ಗೆ ಏನಂದುಕೊಂಡಿರಬಹುದು ಅಂತ ನಾನು ನಮ್ಮ ಅಜ್ಜಿಯನ್ನು ಕೇಳಲಿಲ್ಲ.

ಕೊನೆಗೆ ನಾನು ಮಾಡಿಕೊಂಡ ತೀರ್ಮಾನ ಇಷ್ಟು. ಇವನ ದಯೆಯೂ ನಿಜ, ಇವನು ಹೊರಿಸಿದ ಹೊರೆಯೂ ನಿಜ. ಎರಡೂ ಬಂದದ್ದು ಒಂದೇ ಆತುರದಿಂದ. ಒಮ್ಮೆ ರಾಜನನ್ನು ಉಳಿಸಲು ಓಡಿಬಂದು ತಡವಾಗಿಹೋದ ಮನುಷ್ಯ, ಆಮೇಲೆ ಯಾವುದಕ್ಕೂ ತಡ ಮಾಡಲಾರದೆ ಹೋದ. ಇದಕ್ಕೆ ಅಪ್ಪನೂ ಒಪ್ಪಿಲ್ಲ, ಅಜ್ಜಿಯೂ ಒಪ್ಪಿಲ್ಲ. ಮೇಷ್ಟ್ರು ಮಾತ್ರ ಇರಲಿ ಬರಿ ಅಂದರು.

ಜಯವರ್ಮ ಸುಮಾರು 1218ರಲ್ಲಿ ತೀರಿಕೊಂಡ. ಆಗ ತೊಂಬತ್ತರ ಆಸುಪಾಸಿನ ಮುದುಕ. ಸತ್ತ ಮೇಲೆ ಅವನಿಗೆ ಮಹಾಪರಮಸೌಗತ ಅಂತ ಹೆಸರಾಯಿತು, ಬುದ್ಧನ ಪರಮ ಭಕ್ತ ಅಂತ ಅರ್ಥ. ಅವನ ನಂತರ ಅಂಕೋರಿನಲ್ಲಿ ಅಷ್ಟು ದೊಡ್ಡ ಕಲ್ಲಿನ ಗುಡಿಗಳು ಏಳಲಿಲ್ಲ. ಅದೇ ಶತಮಾನದಲ್ಲಿ, ಎಂಟನೆಯ ಜಯವರ್ಮನ ಕಾಲದಲ್ಲಿ, ಮತ್ತೆ ಶಿವಪೂಜೆಗೆ ಬಲ ಬಂತು. ಗೋಡೆಗಳ ಮೇಲಿದ್ದ ಸಾವಿರಾರು ಬುದ್ಧನ ಚಿತ್ರಗಳನ್ನು ಉಳಿಯಿಂದ ಕೆತ್ತಿ ತೆಗೆದರು. ಕೆಲವನ್ನು ಋಷಿಗಳಾಗಿ, ಲಿಂಗಗಳಾಗಿ ಮಾರ್ಪಡಿಸಿದರು. 1296ರಲ್ಲಿ ಝೌ ದಾಗ್ವಾನ್ ಅನ್ನುವ ಚೀನಾದ ದೂತ ಬಂದು ಸುಮಾರು ಒಂದು ವರ್ಷ ಅಂಕೋರಿನಲ್ಲಿದ್ದ. ದೊಡ್ಡ ದಾರಿಗಳಲ್ಲಿ ತಂಗುಮನೆಗಳಿವೆ ಅಂತ ಅವನು ಬರೆದುಕೊಂಡಿದ್ದಾನೆ. ಹಾಗಾದರೆ ದೊರೆ ಸತ್ತು ಎಂಬತ್ತು ವರ್ಷ ಆಗುವ ಹೊತ್ತಿಗೂ ಆ ಮನೆಗಳ ಉಪಯೋಗ ಇತ್ತು.

ಆಮೇಲೆ ಅವನ ಹೆಸರು ಮರೆತೇಹೋಯಿತು. ಬಾಯೋನ್ ಗುಡಿಯನ್ನು ಪಂಡಿತರು ಮುನ್ನೂರು ವರ್ಷ ಹಳೆಯದು ಮಾಡಿ, ಶಿವನ ಗುಡಿ ಅಂದುಕೊಂಡಿದ್ದರು. ಅದು ಬೌದ್ಧ ಗುಡಿ, ಏಳನೆಯ ಜಯವರ್ಮನದು ಅಂತ ಸಿದ್ಧವಾದದ್ದು 1920ರ ದಶಕದಲ್ಲಿ, ಫ್ರಾನ್ಸಿನ ವಿದ್ವಾಂಸರ ಕೆಲಸದಿಂದ. 1933ರಲ್ಲಿ ಬಾಯೋನ್ ಗುಡಿಯ ನಡುವಿನ ಗೋಪುರದ ಅಡಿಯಲ್ಲಿ ಒಂದು ಆಳವಾದ ಬಾವಿಯಂಥ ಗುಂಡಿ ಅಗೆದರು. ಅದರೊಳಗೆ ಚೂರು ಚೂರಾದ ಒಂದು ಬುದ್ಧನ ವಿಗ್ರಹ ಬಿದ್ದಿತ್ತು. ಹಾವಿನ ಸುರುಳಿಯ ಮೇಲೆ ಕೂತು, ಹೆಡೆಯ ನೆರಳಿನಲ್ಲಿ ಧ್ಯಾನ ಮಾಡುವ ಬುದ್ಧ. ಜಯವರ್ಮ ಗರ್ಭಗುಡಿಯಲ್ಲಿ ಇಡಿಸಿದ್ದ ಮೂಲ ವಿಗ್ರಹವೇ ಅದು. ಒಡೆದು ಬಾವಿಗೆ ಎಸೆದಿದ್ದರು. ಚೂರುಗಳನ್ನೆಲ್ಲಾ ಮೇಲೆತ್ತಿ ಜೋಡಿಸಿದರು. ನಿಲ್ಲಿಸಿ ಅಳೆದರೆ 3.6 ಮೀಟರ್, ಅಂದರೆ ಹನ್ನೆರಡು ಅಡಿಯ ಹತ್ತಿರ.

ಹನ್ನೆರಡಡಿ ಕಲ್ಲನ್ನು ಚೂರಿನಿಂದ ಜೋಡಿಸೋದು ಹುಡುಗಾಟ ಅಲ್ಲ ಅಂದರು ಅಪ್ಪ. ಅಜ್ಜಿ ಮಾತ್ರ ಈಗ ಅದಕ್ಕೆ ಯಾರಾದರೂ ಪೂಜೆ ಮಾಡ್ತಾರಾ ಅಂತ ಕೇಳಿದಳು. ಅಂಕೋರ್ ತೋಮ್ ಒಳಗೇ ಒಂದು ಮಾಡಿನ ಕೆಳಗೆ ಕೂರಿಸಿದ್ದಾರೆ, ಜನ ಬಂದು ಊದುಬತ್ತಿ ಹಚ್ಚಿ ಹೋಗುತ್ತಾರೆ ಅಂದೆ.

ಚಿತ್ರ ನಾನೇ ಬಿಡಿಸಿದ್ದು, ಬಲಗಡೆ ಅಂಟಿಸಿದ್ದೇನೆ. ನಗು ಸರಿಯಾಗಿ ಬಂದಿಲ್ಲ, ಮೂರು ಸಲ ಅಳಿಸಿದೆ.